ಮೂಲೆ ಮಡಚಿದ ರಾಣಿ

ಇವತ್ತು ಬೀರು ಸರಿಸಿ ಗುಡಿಸುವಾಗ ಹಿಂದೆ ಬಿದ್ದಿದ್ದ ಒಂದು ಇಸ್ಪೀಟ್ ಎಲೆ ಸಿಕ್ಕಿತು. ಆಟೀನ್ ರಾಣಿ. ಒಂದು ಮೂಲೆ ಮಡಚಿದೆ. ಮಡಚಿದ್ದು ಅಜ್ಜಿಯೇ, ಗುರುತಿಗೆ!

ಮೊಮ್ಮಕ್ಕಳ ಹತ್ತಿರವೂ ಸೋಲೋಕೆ ಒಪ್ಪುತ್ತಿರಲಿಲ್ಲ ಅವಳು. ಬೇಕಾದ ಎಲೆಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಏನೂ ಗೊತ್ತಿಲ್ಲದವಳ ಹಾಗೆ ಕೂರುತ್ತಿದ್ದಳು. ಸಿಕ್ಕಿಬಿದ್ದರೆ ಶುರು ನಗು. ಮೊದಲು ಭುಜ ಕುಲುಕುತ್ತಿತ್ತು, ಆಮೇಲೆ ಕಣ್ಣಲ್ಲಿ ನೀರು, ದನಿ ಬರುತ್ತಿದ್ದದ್ದು ಕೊನೆಗೆ. ಅಷ್ಟರಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದೆವು.

ಅದೇ ಅಜ್ಜಿ, ನನಗೆ ಜ್ವರ ಬಂದರೆ ಬೆಳಗಿನವರೆಗೂ ಗೋಡೆಗೆ ಒರಗಿ ಕೂತು ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಎಚ್ಚರವಾದಾಗಲೆಲ್ಲ ಅವಳ ಒರಟು ಅಂಗೈ ಕೆನ್ನೆಗೆ ತಾಗುತ್ತಿತ್ತು. "ಮಲಕ್ಕೋ ಮಗಾ, ನಾನಿಲ್ಲೇ ಇದ್ದೀನಿ." ತನ್ನ ಮಂಡಿನೋವಿನ ಬಗ್ಗೆ ಮಾತ್ರ ಒಂದು ದಿನವೂ ಬಾಯಿಬಿಟ್ಟವಳಲ್ಲ. ನಾವೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ತಾನೇ ಅವಳಿಗೆ ಹೆಚ್ಚು ಮುದ್ದು ಅನ್ನೋ ನಂಬಿಕೆ. ನನಗಂತೂ ಅದರಲ್ಲಿ ಅನುಮಾನವೇ ಇಲ್ಲ.

ಎಲೆ ಈಗ ನನ್ನ ಪರ್ಸಿನಲ್ಲಿದೆ. ಮೂಲೆ ನೇರ ಮಾಡಿಲ್ಲ.