ಟಿಪ್ಪುವಿನ ಹುಲಿಯ ನೆರೆಯಲ್ಲೊಂದು ಊಟ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ 2019ರ ಅಕ್ಟೋಬರಿನಲ್ಲಿ ನಾನು ಹೋದದ್ದು ಊಟಕ್ಕಲ್ಲ, 1799ರಲ್ಲಿ ಶ್ರೀರಂಗಪಟ್ಟಣದಿಂದ ಕೊಳ್ಳೆಯ ಪಾಲಾಗಿ ಹೋದ ಟಿಪ್ಪುವಿನ ಮರದ ಹುಲಿಯನ್ನು ನೋಡುವುದಕ್ಕೆ. ಅಂಗಾತ ಬಿದ್ದ ಐರೋಪ್ಯ ಸಿಪಾಯಿಯ ಕೊರಳಿಗೆ ಬಾಯಿ ಹಾಕಿರುವ, ಒಡಲೊಳಗೆ ಆರ್ಗನ್ ವಾದ್ಯದ ಕೊಳವೆಗಳನ್ನು ಅಡಗಿಸಿಕೊಂಡಿರುವ ಆ ಹುಲಿಯ ಗಾಜಿನ ಪೆಟ್ಟಿಗೆಗೆ ಅರ್ಧ ಗಂಟೆ ಪ್ರದಕ್ಷಿಣೆ ಹಾಕಿದ ಮೇಲೆ, "ಅದು ಇನ್ನೂರು ವರ್ಷದಿಂದ ತಿನ್ನುತ್ತಲೇ ಇದೆ ಅಣ್ಣ, ನಾವು ಬೆಳಗಿನಿಂದ ಏನೂ ತಿಂದಿಲ್ಲ" ಎಂದು ತಂಗಿ ನೆನಪಿಸಿದಳು.

ನಡುವಿನ ಅಂಗಳದ ತೋಟವನ್ನು ದಾಟಿ ನಾವು ಹೊಕ್ಕದ್ದು ಮೂರು ಕೋಣೆಗಳ ಊಟದ ಮನೆಯನ್ನು. ಜಗತ್ತಿನಲ್ಲಿ ಮ್ಯೂಸಿಯಮ್ಮಿನೊಳಗೆ ತೆರೆದ ಮೊದಲ ಉಪಾಹಾರಗೃಹ ಇದೇ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಇದು ಸಂಸ್ಥೆಯ ಮೊದಲ ನಿರ್ದೇಶಕ ಹೆನ್ರಿ ಕೋಲ್ ಅವರ ಕಾಲದ್ದು, 1860ರ ದಶಕದ ನಿರ್ಮಾಣ. ನಡುವಿನ ಗ್ಯಾಂಬಲ್ ಕೋಣೆಯ ಕಂಬಗಳಿಂದ ಗೋಡೆಗಳವರೆಗೆ ಎಲ್ಲವೂ ಹೊಳೆಯುವ ಪಿಂಗಾಣಿ. ಅರಮನೆಯಂತೆ ಕಂಡರೂ ಅದರ ಹಿಂದಿದ್ದದ್ದು ನಮ್ಮ ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಿಸುವವರ ಲೆಕ್ಕಾಚಾರವೇ: ತೊಳೆಯುವುದು ಸುಲಭ, ಬೆಂಕಿಯ ಭಯ ಕಡಿಮೆ. ಗೋಡೆಯ ಮೇಲಂಚಿನಲ್ಲಿ, ತಿಂದು ಕುಡಿದು ತನ್ನ ದುಡಿಮೆಯಲ್ಲಿ ಸುಖ ಕಾಣುವುದಕ್ಕಿಂತ ಮನುಷ್ಯನಿಗೆ ಮೇಲಾದದ್ದಿಲ್ಲ ಎಂಬರ್ಥದ ಬೈಬಲ್ಲಿನ ಮಾತು ಸಾಲಾಗಿ ಓಡುತ್ತದೆ.

ಆದರೆ ಆ ಸುಖವನ್ನು ಆಗ ಎಲ್ಲರಿಗೂ ಒಂದೇ ಸಮನಾಗಿ ಬಡಿಸುತ್ತಿರಲಿಲ್ಲ. ರೈಲಿನ ಬೋಗಿಗಳಂತೆ ಊಟಕ್ಕೂ ಮೂರು ದರ್ಜೆಗಳಿದ್ದವು, ಮೂರನೆಯದು ಕಟ್ಟಡದ ಕೆಲಸಗಾರರಂಥವರಿಗೆ. ಪಂಕ್ತಿಭೇದವೆಂಬುದು ನಮ್ಮಲ್ಲಿಗಷ್ಟೇ ಮೀಸಲಾದದ್ದಲ್ಲ ಎಂದು ತಿಳಿದು, ಒಪ್ಪತಕ್ಕದ್ದಲ್ಲದಿದ್ದರೂ, ನನಗೊಂದು ಬಗೆಯ ಸಮಾಧಾನವಾಯಿತು. ಈಗ ಎಲ್ಲರಿಗೂ ಒಂದೇ ಸಾಲು, ಕೈಯಲ್ಲೊಂದು ಟ್ರೇ.

ಬೆಲೆಯನ್ನು ರೂಪಾಯಿಗೆ ಗುಣಿಸಕೂಡದೆಂದು ತಂಗಿ ಮೊದಲೇ ಎಚ್ಚರಿಸಿದ್ದಳು. ತರಕಾರಿ ಸೂಪು, ಬ್ರೆಡ್ಡು, ಎರಡು ಸ್ಕೋನ್ (ಬನ್ನಿನಂಥ ಸಣ್ಣ ತಿನಿಸು) ಮತ್ತು ಒಂದು ಕೆಟಲ್ ಟೀ ತೆಗೆದುಕೊಂಡು, ಗದ್ದಲವಿಲ್ಲದ ಮಾರಿಸ್ ಕೋಣೆಯಲ್ಲಿ ಕುಳಿತೆವು. 1861ರಲ್ಲಿ ಆರಂಭವಾದ ವಿನ್ಯಾಸಕಾರ ವಿಲಿಯಂ ಮಾರಿಸ್ ಅವರ ಅಲಂಕಾರ ಕಲೆಯ ಕಂಪನಿಗೆ ಆ ಎಳೆಯ ದಿನಗಳಲ್ಲಿ ದೊರೆತ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಹಸಿರು ಗೋಡೆಯ ಮೇಲೆ ಗಾರೆಯಲ್ಲಿ ಉಬ್ಬಿದ ಎಲೆಬಳ್ಳಿಗಳು, ಅವುಗಳ ಕೆಳಗೆ ಚಿನ್ನದ ಬಣ್ಣದ ಹಿನ್ನೆಲೆಯಲ್ಲಿ ಬರೆದ ಹಣ್ಣಿನ ಕೊಂಬೆಗಳು, ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ ಅವರ ಮಾನವಾಕೃತಿಗಳು. ಬಣ್ಣದ ಗಾಜಿನ ಕಿಟಕಿಯಿಂದ ಬಂದ ಮಂದ ಬೆಳಕಿನಲ್ಲಿ, ಗರ್ಭಗುಡಿಯ ಮುಂದಿನ ನವರಂಗದಲ್ಲಿ ಕುಳಿತು ಉಣ್ಣುತ್ತಿರುವೆನೇನೋ ಎಂಬ ಸಣ್ಣ ಅಳುಕು ನನ್ನನ್ನು ಬಿಡಲಿಲ್ಲ.

ಸೂಪು ಸಪ್ಪೆ, ಅದರ ಬಗ್ಗೆ ಹೆಚ್ಚೇನೂ ಹೇಳುವಂತಿಲ್ಲ. ಸ್ಕೋನ್ ಮಾತ್ರ ಹೊರಗೆ ಗರಿ, ಒಳಗೆ ಮೆತ್ತಗಿತ್ತು. ಅದರ ಮೇಲೆ ಬಳಿಯಲು ಕೊಟ್ಟ ಗಟ್ಟಿ ಕೆನೆಯನ್ನು ಬಾಯಿಗಿಟ್ಟಾಗ, ಹಾಲು ಕಾಯಿಸಿದ ಪಾತ್ರೆಯಿಂದ ಅಜ್ಜಿ ಬೆರಳಲ್ಲಿ ಎತ್ತಿ ಕೊಡುತ್ತಿದ್ದ ಕೆನೆ ನೆನಪಾಯಿತು. ಎರಡನೆಯ ಲೋಟ ಟೀ ಮುಗಿಯುವ ಹೊತ್ತಿಗೆ ವೃದ್ಧ ದಂಪತಿಗಳಿಬ್ಬರು ಟ್ರೇ ಹಿಡಿದು ಮೇಜಿನ ಪಕ್ಕದಲ್ಲಿ ನಿಂತಿದ್ದರು. ಅವರಿಗೆ ಜಾಗ ಬಿಟ್ಟುಕೊಟ್ಟು ನಾವು ಮತ್ತೆ ಹುಲಿಯ ಕಡೆಗೆ ನಡೆದೆವು.