ಚೆಂದ ಮಾಡಲು ಹೋಗಿ ಕೆಡಿಸಿದ ನಾಲ್ಕನೆಯ ಸಂಚಿಕೆ

ನಮ್ಮ ಅರಿವು ಕೇಂದ್ರದ, ಅಂದರೆ ಗ್ರಾಮ ಪಂಚಾಯತಿ ಗ್ರಂಥಾಲಯದ, ಕಬ್ಬಿಣದ ಕಪಾಟಿನ ಕೆಳಗಿನ ಅರೆಯಲ್ಲಿ ನಾವೇ ಮಾಡಿದ ಕಿರುಪುಸ್ತಕಗಳ ಒಂದು ಕಟ್ಟು ಇದೆ. ಹೆಚ್ಚಿನವು ಅಂಗೈಯಗಲದ ಕಪ್ಪು-ಬಿಳುಪಿನ ಪುಸ್ತಕಗಳು. ಕೆಲವಕ್ಕೆ ಪಿನ್ನಿನ ತುಕ್ಕಿನ ಕಲೆ ಹಿಡಿದಿದೆ, ಕೆಲವಕ್ಕೆ ಗೋಳಿಬಜೆ ತಿಂದ ಕೈಯ ಎಣ್ಣೆ ತಾಗಿದೆ. ಅವುಗಳ ನಡುವೆ ನಾಲ್ಕನೆಯ ಸಂಚಿಕೆ ಮಾತ್ರ ಬಣ್ಣದ ಹೊದಿಕೆ, ನುಣುಪು ಕಾಗದ, ತಪ್ಪಿಲ್ಲದ ಅಕ್ಷರಗಳೊಂದಿಗೆ, ಮದುವೆಮನೆ ತಪ್ಪಿ ಬಂದ ನೆಂಟನ ಹಾಗೆ ಕುಳಿತಿದೆ. ಉಳಿದ ಸಂಚಿಕೆಗಳ ಒಂದೊಂದೇ ಪ್ರತಿ ನಮ್ಮಲ್ಲಿದ್ದರೆ, ಅದರ ಪ್ರತಿಗಳು ಮಾತ್ರ ಇನ್ನೂರಕ್ಕೂ ಹೆಚ್ಚು ಉಳಿದಿವೆ. ಗ್ರಂಥಾಲಯ ಮೇಲ್ವಿಚಾರಕಿಯಾಗಿ ನಾನು ಅತಿ ಹೆಚ್ಚು ಶ್ರಮಪಟ್ಟದ್ದು ಅದರ ಮೇಲೆ. ಓದುಗರನ್ನೂ ಬರೆಯುವವರನ್ನೂ ಕಳೆದುಕೊಂಡದ್ದೂ ಅದರಿಂದಲೇ.

ನಾನು ಕೆಲಸ ಮಾಡುವುದು ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯ ಆಸುಪಾಸಿನ ಒಂದು ಗ್ರಾಮ ಪಂಚಾಯತಿಯಲ್ಲಿ. 2020ರ ಕೊನೆಯಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಪಂಚಾಯತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಪತ್ರಿಕೆ ಓದುವ ಹಿರಿಯರು ನಾಲ್ಕು ಮಂದಿ ಬಂದು ಹೋಗುತ್ತಿದ್ದ ಕೋಣೆಗೆ ಮಕ್ಕಳು ಗುಂಪುಗುಂಪಾಗಿ ಬರತೊಡಗಿದರು. ಇದ್ದ ಕಥೆಪುಸ್ತಕಗಳನ್ನು ಅವರು ಬೇಗನೆ ಓದಿ ಮುಗಿಸಿದರು. ಆಮೇಲೆ ಏನು ಮಾಡಿಸುವುದೆಂದು ತೋಚದೆ ಇದ್ದಾಗ, ಮಣಿಪಾಲದಲ್ಲಿ ಓದುತ್ತಿದ್ದ ನಮ್ಮೂರಿನ ಒಬ್ಬಳು ಹುಡುಗಿ ಬಂದು, ಒಂದು ಎ4 ಹಾಳೆಯನ್ನು ಮಡಚಿ, ನಡುವೆ ಒಂದೇ ಒಂದು ಕತ್ತರಿ ಗೀರು ಹಾಕಿ, ಅದನ್ನು ಎಂಟು ಪುಟದ ಪುಸ್ತಕ ಮಾಡಿ ತೋರಿಸಿದಳು. ಇದಕ್ಕೆ ‘ಝೀನ್’ ಎನ್ನುತ್ತಾರೆ ಎಂದಳು. ಮಕ್ಕಳಿಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ‘ಮಡಚು ಪುಸ್ತಕ’ ಎಂದರು. ನಮ್ಮಲ್ಲಿ ಈಗಲೂ ಅದೇ ಹೆಸರು.

ಮಡಚುವ ಕ್ರಮವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕೇಳುವವರೆಲ್ಲ ಮೊದಲು ಕೇಳುವುದು ಇದನ್ನೇ. ಹಾಳೆಯನ್ನು ಅಡ್ಡ ಇಟ್ಟುಕೊಂಡು ಎಂಟು ಸಮಭಾಗವಾಗಿ ಮಡಚಿ ಬಿಡಿಸಿದರೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಚೌಕಗಳಾಗುತ್ತವೆ. ಕೆಳಸಾಲಿನಲ್ಲಿ ಎಡದಿಂದ ಬಲಕ್ಕೆ 6, 7, 8, 1 ಎಂಬ ಪುಟಗಳು ಬರಬೇಕು. ಮೇಲಿನ ಸಾಲಿನಲ್ಲಿ ಎಡದಿಂದ 5, 4, 3, 2 ಬರಬೇಕು, ಆದರೆ ಇವು ತಲೆಕೆಳಗಾಗಿರಬೇಕು. ಎರಡು ಸಾಲುಗಳ ನಡುವಿನ ಮಡಿಕೆಯಲ್ಲಿ, ಮಧ್ಯದ ಎರಡು ಚೌಕಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಚಿ ಎರಡು ತುದಿಗಳನ್ನು ಒಳಕ್ಕೆ ದೂಡಿದರೆ ಪುಸ್ತಕ ತಾನಾಗಿ ಕೂಡಿಕೊಳ್ಳುತ್ತದೆ. ಪಿನ್ನೂ ಬೇಡ, ಅಂಟೂ ಬೇಡ. ಎಲ್ಲ ಎಂಟು ಪುಟಗಳೂ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಒಂದು ಜೆರಾಕ್ಸ್ ಎಂದರೆ ಒಂದು ಪ್ರತಿ. ನಮ್ಮ ಪಕ್ಕದ ಅಂಗಡಿಯಲ್ಲಿ ಅದಕ್ಕೆ ಎರಡು ರೂಪಾಯಿ. ಮೊದಲ ಸಂಚಿಕೆಯ ಮೂವತ್ತು ಪ್ರತಿಗಳಿಗೆ ತಗಲಿದ ಅರುವತ್ತು ರೂಪಾಯಿಯನ್ನು ನಾನು ಕೈಯಿಂದಲೇ ಕೊಟ್ಟೆ.

ಮಣಿಪಾಲದ ಹುಡುಗಿ ಇದರ ಚರಿತ್ರೆಯನ್ನೂ ಹೇಳಿದ್ದಳು. 1930ರಲ್ಲಿ ಷಿಕಾಗೋದ ವಿಜ್ಞಾನಕಥೆಗಳ ಅಭಿಮಾನಿಗಳು ತಮಗಾಗಿ ತಾವೇ ಹೊರತಂದ ಒಂದು ಪುಟ್ಟ ಪತ್ರಿಕೆಯನ್ನು ಇಂಥವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅಭಿಮಾನಿಗಳ ಮ್ಯಾಗಝೀನ್ ಎಂಬ ಅರ್ಥದ ‘ಫ್ಯಾನ್‌ಝೀನ್’ ಎಂಬ ಪದ 1940ರಲ್ಲಿ ಹುಟ್ಟಿ, ಮುಂದೆ ತುಂಡಾಗಿ ‘ಝೀನ್’ ಆಯಿತು. ಸೈಕ್ಲೋಸ್ಟೈಲ್ ಹೋಗಿ ಜೆರಾಕ್ಸ್ ಯಂತ್ರ ಬಂದ ಮೇಲೆ, 1970ರ ದಶಕದ ಲಂಡನ್ನಿನ ಪಂಕ್ ಸಂಗೀತದ ಹುಡುಗರ ಕೈಯಲ್ಲಿ ಅದು ಇನ್ನಷ್ಟು ಹಬ್ಬಿತು. ನಮ್ಮ ಮಕ್ಕಳು ಇದನ್ನೆಲ್ಲ ಸೌಜನ್ಯಕ್ಕೆ ಕೇಳಿಸಿಕೊಂಡರು. ಅವರ ಕಿವಿ ನೆಟ್ಟಗಾದದ್ದು ನಾನು ಮಂಗಳೂರಿನ ಮಾತು ತೆಗೆದಾಗ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚುಮೊಳೆಗಳಿಂದ ಮುದ್ರಿತವಾದುದಲ್ಲ, ಕಲ್ಲಚ್ಚಿನಲ್ಲಿ ಬಂದದ್ದು. ಕಲ್ಲಚ್ಚಿನಲ್ಲಿ ಜಿಡ್ಡಿನ ಶಾಯಿಯಿಂದ ಕೈಯಲ್ಲಿ ಬರೆದ ಬರಹವೇ ಕಲ್ಲಿನ ಮೇಲೆ ಇಳಿಯುತ್ತದೆ. ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಹಾಗಾದರೆ ಅದೂ ಕೈಬರಹದ ಪತ್ರಿಕೆಯೇ ಅಲ್ಲವಾ ಅಕ್ಕ, ಎಂದು ಆರನೆಯ ತರಗತಿಯ ಹುಡುಗನೊಬ್ಬ ಕೇಳಿದ. ಹೌದು, ಒಂದು ರೀತಿಯಲ್ಲಿ ಹಾಗೆಯೇ, ಎಂದೆ. ಈ ಉತ್ತರವನ್ನು ನಾನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ನಾಲ್ಕನೆಯ ಸಂಚಿಕೆ ಆಗುತ್ತಲೇ ಇರಲಿಲ್ಲ.

ಮೂರು ಸಂಚಿಕೆಗಳಾಗುವಷ್ಟರಲ್ಲಿ ಮಕ್ಕಳ ಹಿಂದೆ ದೊಡ್ಡವರೂ ಬಂದರು. ಬೀಡಿ ಕಟ್ಟುವ ಒಬ್ಬರು ತಮ್ಮ ತಾಯಿ ಹೇಳುತ್ತಿದ್ದ ತುಳು ಒಗಟುಗಳನ್ನು ಬರೆದುಕೊಟ್ಟರು. ಶಂಕರಪುರ ಮಲ್ಲಿಗೆ ಬೆಳೆಯುವ ಮಹಿಳೆಯೊಬ್ಬರು ತಮ್ಮ ಒಂದು ಬೆಳಗನ್ನು ಬರೆದು ತಂದರು: ನಸುಕಿನಲ್ಲಿ ಮೊಗ್ಗು ಕೊಯ್ಯುವುದು, ಬಾಳೆಯ ನಾರನ್ನು ನೆನೆಹಾಕುವುದು, ಹೂವು ಕೊಳ್ಳುವ ಕಟ್ಟೆಯಿಂದ ಆ ದಿನದ ದರ ಬರುವ ತನಕ ಮನೆಯಲ್ಲಿ ಯಾರೂ ಹೆಚ್ಚು ಮಾತಾಡದೆ ಇರುವುದು. ಅವರ ಬರಹದಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳು ಸ್ಥಾನ ಬದಲಿಸಿದ್ದವು, ತುಳು ಪದಗಳು ಕನ್ನಡದ ವಾಕ್ಯದೊಳಗೆ ಹೇಳದೆ ಕೇಳದೆ ಬಂದು ಕುಳಿತಿದ್ದವು, ಪೂರ್ಣವಿರಾಮವೆಂಬುದು ಒಂದು ಪುಟಕ್ಕೆ ಒಂದು ಇತ್ತು.

ಆ ಹೊತ್ತಿಗೆ ಊರಿನ ದಾನಿಯೊಬ್ಬರು, ಮುಂದಿನ ಸಂಚಿಕೆಯನ್ನು ಒಳ್ಳೆಯದಾಗಿ ಪ್ರಿಂಟ್ ಮಾಡಿಸಿ, ಖರ್ಚು ನಾನು ಕೊಡುತ್ತೇನೆ ಎಂದರು. ನನಗೆ ಬಹಳ ಸಂತೋಷವಾಯಿತು. ಮುದ್ರಣಾಲಯದಲ್ಲಿ ವಿಚಾರಿಸಿದಾಗ, ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಐವತ್ತು ಪ್ರತಿಗೂ ಅಷ್ಟೇ, ಮುನ್ನೂರಕ್ಕೂ ಅಷ್ಟೇ, ಹಾಗಾಗಿ ಹೆಚ್ಚು ಹಾಕಿಸಿದಷ್ಟೂ ಒಂದೊಂದು ಪ್ರತಿ ಅಗ್ಗವಾಗುತ್ತದೆ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕಕ್ಕೆ ಮರುಳಾಗಿ, ನಲವತ್ತು ಮಂದಿ ಓದುವ ಪುಸ್ತಕಕ್ಕೆ ಮುನ್ನೂರು ಪ್ರತಿ ಹೇಳಿ ಬಂದೆ. ಅಚ್ಚಾಗುವ ಪುಸ್ತಕದಲ್ಲಿ ತಪ್ಪಿರಬಾರದೆಂದು ಎಲ್ಲ ಬರಹಗಳನ್ನೂ ರಾತ್ರಿ ಕುಳಿತು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದೆ, ಮಾಡುತ್ತಾ ತಿದ್ದಿದೆ, ತಿದ್ದುತ್ತಾ, ಈಗ ನೆನೆದರೆ ನಾಚಿಕೆಯಾಗುವಷ್ಟು, ಹೊಸದಾಗಿ ಬರೆದೆ. ಒಗಟುಗಳನ್ನು ಕನ್ನಡಕ್ಕೆ ತಂದು ಅವುಗಳ ಪ್ರಾಸವನ್ನು ಕೊಂದೆ. ಮಲ್ಲಿಗೆಯವರ ಬರಹದಲ್ಲಿ ‘ಚೆಂಡು’, ‘ಅಟ್ಟೆ’ ಎಂದು ಬಂದ ಕಡೆಯೆಲ್ಲ, ಹೊರಗಿನವರಿಗೆ ತಿಳಿಯುವುದಿಲ್ಲವೆಂದು, ‘ಮಲ್ಲಿಗೆಯ ಮಾಲೆ’ ಎಂದು ಮಾಡಿದೆ. ಇವು ಕಟ್ಟಿದ ಹೂವಿನ ಅಳತೆಗಳು; ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬುದನ್ನು ಶಂಕರಪುರದ ಸುತ್ತಮುತ್ತಲಿನ ಮಕ್ಕಳೂ ಬಲ್ಲರು. ಆ ಪುಸ್ತಕವನ್ನು ಓದಬೇಕಾದ ಹೊರಗಿನವರು ಯಾರೆಂದು ಮಾತ್ರ ನಾನು ಕೇಳಿಕೊಳ್ಳಲಿಲ್ಲ.

ಪುಸ್ತಕ ಬಂದ ದಿನ ಎಲ್ಲರೂ ಚೆಂದ ಉಂಟು ಎಂದರು. ಮಲ್ಲಿಗೆಯವರು ಎರಡು ದಿನ ಬಿಟ್ಟು ಬಂದು, ಮೆಲ್ಲಗೆ, “ಟೀಚರೇ, ಇದರಲ್ಲಿ ನನ್ನ ಹೆಸರು ಹಾಕಿದ್ದೀರಿ, ಬರೆದದ್ದು ನೀವಲ್ಲವಾ?” ಎಂದರು. ದೂರು ಇರಲಿಲ್ಲ ಆ ಮಾತಿನಲ್ಲಿ, ಇನ್ನೊಬ್ಬರ ವಸ್ತು ತಪ್ಪಿ ತಮ್ಮ ಮನೆಗೆ ಬಂದಿದೆ, ಹಿಂದಿರುಗಿಸಬೇಕು ಎಂಬ ಮರ್ಯಾದೆ ಇತ್ತು. ಬೀಡಿಯವರು ಏನೂ ಹೇಳಲಿಲ್ಲ. ಐದನೆಯ ಸಂಚಿಕೆಗೆ ಬರಹ ಕೇಳಿದಾಗ ಬಂದದ್ದು ಮೂರು, ಮೂರೂ ಶಾಲೆಯ ಪ್ರಬಂಧದ ಮಾದರಿಯವು. “ನಮಗೆ ಅಷ್ಟು ಒಳ್ಳೆಯ ಕನ್ನಡ ಬರುವುದಿಲ್ಲ ಅಕ್ಕ” ಎಂದು ಮಕ್ಕಳೂ ಹೇಳಕಲಿತಿದ್ದರು. ಹಿಂದಿನ ವರ್ಷ ಅವರ ಬಾಯಲ್ಲಿ ಈ ಮಾತು ನಾನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಟೈಪ್ ಮಾಡುವುದನ್ನು ನಿಲ್ಲಿಸಿದೆವು. ಬರೆದವರ ಅಕ್ಷರವೇ ಪುಟದಲ್ಲಿ ಬರಬೇಕು; ಬರೆಯಲು ಬಾರದವರು ಹೇಳಿದ್ದನ್ನು ಇನ್ನೊಬ್ಬರು ಅವರ ಮಾತಿನಲ್ಲೇ ಬರೆದು, ಕೆಳಗೆ ಇಬ್ಬರ ಹೆಸರನ್ನೂ ಹಾಕಬೇಕು; ತುಳು ಬಂದರೆ ತುಳು, ಕೊಂಕಣಿ ಬಂದರೆ ಕೊಂಕಣಿ, ಕನ್ನಡ ಲಿಪಿಯಲ್ಲಿ ಇರಲಿ. ತಿದ್ದುವುದಿದ್ದರೆ ಬರೆದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ತಿದ್ದುತ್ತೇನೆ. ಅರ್ಥ ಕೆಡದಿದ್ದರೆ ಕಾಗುಣಿತವನ್ನು ಮುಟ್ಟುವುದಿಲ್ಲ. ನನ್ನಂಥವಳಿಗೆ ಇದು ಸುಲಭವಲ್ಲ. ‘ಹಬ್ಭ’ ಎಂದು ಬರೆದದ್ದನ್ನು ಕಂಡಾಗ ಕೈ ಈಗಲೂ ಪೆನ್ನಿನ ಕಡೆಗೆ ಹೋಗುತ್ತದೆ.

ಆದರೆ ಒರಟಾಗಿರುವುದೇ ಒಂದು ಗುಣವೆಂದು ನಾನು ನಂಬುವುದಿಲ್ಲ. ಓದಲಾಗದ ಜೆರಾಕ್ಸ್ ಕೂಡ ಬರೆದವರಿಗೆ ಮಾಡುವ ಅವಮಾನವೇ. ಭಾಷೆಯನ್ನು ಬಿಟ್ಟ ಮೇಲೆ ಉಳಿದ ಶಿಸ್ತನ್ನೆಲ್ಲ ಕಾಗದದ ಮೇಲೆ ಹಾಕಿದೆ. ಇದನ್ನು ಕಲಿಸಿದ್ದು ಜೆರಾಕ್ಸ್ ಅಂಗಡಿಯ ಅಣ್ಣ. “ಪೆನ್ಸಿಲ್ ಬೇಡ ಮಾರಾಯ್ರೆ, ಮಿಷನ್‌ಗೆ ಸರಿ ಕಾಣುವುದಿಲ್ಲ” ಎಂದು ಅವರು ಹೇಳಿದ ಮೇಲೆ ಮಕ್ಕಳೆಲ್ಲ ಕಪ್ಪು ಜೆಲ್ ಪೆನ್ನಿಗೆ ಬಂದರು. ತಿಳಿ ನೀಲಿಯೂ ಮಂಕಾಗಿಯೇ ಬರುತ್ತದೆ. ಯಂತ್ರ ಹಾಳೆಯ ಅಂಚಿನ ತನಕ ಅಚ್ಚು ಹಾಕುವುದಿಲ್ಲವಾದ್ದರಿಂದ ಸುತ್ತಲೂ ಒಂದು ಸೆಂಟಿಮೀಟರ್ ಖಾಲಿ ಬಿಡಬೇಕು; ಇದು ತಿಳಿಯದೆ ಎರಡನೆಯ ಸಂಚಿಕೆಯಲ್ಲಿ ಒಂದು ಯಕ್ಷಗಾನ ವೇಷದ ಕಿರೀಟವೇ ಹಾರಿಹೋಗಿತ್ತು. ಚಿತ್ರ ಕತ್ತರಿಸಿ ಅಂಟಿಸಿದಾಗ ಅದರ ಅಂಚಿನ ನೆರಳು ಕಪ್ಪು ಗೆರೆಯಾಗಿ ಬೀಳುತ್ತದೆ. ಆ ಅಂಚಿಗೆ ವೈಟ್ನರ್ ಹಚ್ಚಿದರೆ ಹೋಗುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ರೀಮನ್ನು ಬಿಡಿಸಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇವೆ. ಹೊದಿಕೆಗೆ ಮೈದಾ ಅಂಟು ಕಾಯಿಸುವಾಗ ಹುಳ ಬಾರದಂತೆ ಚಿಟಿಕೆ ಮೈಲುತುತ್ತು ಹಾಕುವುದು ಹಳೆಯ ಬೈಂಡಿಂಗ್‌ನವರ ಕ್ರಮ. ಅಡಿಕೆ ತೋಟವಿರುವ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ. ವಿಷವಾದ್ದರಿಂದ ಆ ಅಂಟನ್ನು ಮಕ್ಕಳ ಕೈಗೆ ಮಾತ್ರ ಕೊಡುವುದಿಲ್ಲ.

ಬರಹಗಳು ಹೆಚ್ಚಾದ ಮೇಲೆ ಎಂಟು ಪುಟ ಸಾಲದೆ ಹದಿನಾರಕ್ಕೆ ಬಂದೆವು: ನಾಲ್ಕು ಎ4 ಹಾಳೆ, ಎರಡೂ ಬದಿ ಜೆರಾಕ್ಸ್, ನಡುವೆ ಮಡಿಕೆ. ಯಾವ ಪುಟದ ಪಕ್ಕ ಯಾವ ಪುಟ ಬರಬೇಕೆಂದು ನಾನು ಮೂರು ಸಲ ತಪ್ಪಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾದರಿ ಪುಸ್ತಕವನ್ನು ಬಿಡಿಸಿ ನೋಡುತ್ತಾ ಕುಳಿತು, ಒಂದೇ ಬದಿಯಲ್ಲಿರುವ ಎರಡು ಪುಟಗಳನ್ನು ಕೂಡಿಸಿದರೆ ಯಾವಾಗಲೂ ಹದಿನೇಳೇ ಬರುತ್ತದೆ ಎಂದು ಕಂಡುಹಿಡಿದಳು: 16 ಮತ್ತು 1, 2 ಮತ್ತು 15, 14 ಮತ್ತು 3. ಅಲ್ಲಿಂದ ಪುಟ ಜೋಡಿಸುವ ಕೆಲಸ ಅವಳದ್ದೇ; ಅವಳು ಹೈಸ್ಕೂಲಿಗೆ ಹೋದ ಮೇಲೆ ತಂಗಿಗೆ ದಾಟಿಸಿದಳು.

ಪಿನ್ನಿನ ಕತೆ ಬೇರೆ. ಕಡಲ ಕಡೆಯ ಗಾಳಿಗೆ ಸ್ಟೇಪ್ಲರ್ ಪಿನ್ನುಗಳು ಎರಡು ಮಳೆಗಾಲ ತಾಳುವುದಿಲ್ಲ. ತುಕ್ಕು ಇಳಿದು ನಡುಪುಟದಲ್ಲಿ ಕಂದು ಕಲೆಯಾಗುತ್ತದೆ, ಕೊನೆಗೆ ಆ ಜಾಗದಲ್ಲೇ ಕಾಗದ ಹರಿಯುತ್ತದೆ. ನೂಲಿನಿಂದ ಹೊಲಿಯುವ ಯೋಚನೆ ಕೊಟ್ಟವರು ಒಗಟುಗಳ ಬೀಡಿಯವರೇ. ಮಡಿಕೆಯಲ್ಲಿ ಮೂರು ತೂತು; ಸೂಜಿ ನಡುವಿನ ತೂತಿನಿಂದ ಹೊರಕ್ಕೆ, ಮೇಲಿನದರಿಂದ ಒಳಕ್ಕೆ, ಕೆಳಗಿನದರಿಂದ ಹೊರಕ್ಕೆ, ಮತ್ತೆ ನಡುವಿನದರಿಂದ ಒಳಕ್ಕೆ ಬಂದು ಗಂಟು. ಬೀಡಿಯ ನೂಲು ಸಪೂರವಾದ್ದರಿಂದ ಎರಡೆಳೆ ಹಾಕಬೇಕು. ನಾಲ್ಕನೆಯ ಸಂಚಿಕೆಯ ಮೇಲೆ ಅವರು ಏನೂ ಹೇಳದೆ ಹೋದವರು ಹೊಲಿಯುವ ಮಧ್ಯಾಹ್ನ ಮತ್ತೆ ಬಂದು ಕುಳಿತರು, ಮತ್ತು ಹೊಲಿಯುತ್ತಾ ಹೊಸ ಒಗಟು ಹೇಳಿದರು. ನಾನು ಬರೆದುಕೊಂಡೆ, ತುಳುವಿನಲ್ಲೇ.

ಹಂಚುವುದರಲ್ಲಿಯೂ ದೊಡ್ಡ ಬದಲಾವಣೆಯಾಯಿತು. ಈಗ ನಲವತ್ತೇ ಪ್ರತಿ. ಬರೆದವರಿಗೆ ಎರಡೆರಡು, ಉಳಿದವು ಹಾಲಿನ ಡೈರಿಗೆ, ರೇಷನ್ ಅಂಗಡಿಗೆ, ಹೂವಿನ ಕಟ್ಟೆಗೆ, ಕ್ಷೌರದ ಅಂಗಡಿಗೆ ಒಂದೊಂದು. ಬೆಲೆ ಇಲ್ಲ; ಬೇರೆ ಊರಿನವರು ತಾವು ಮಾಡಿದ ಒಂದು ಪುಸ್ತಕ ಕೊಟ್ಟರೆ ನಮ್ಮದೊಂದು ಕೊಡುತ್ತೇವೆ, ಇದು ಝೀನ್ ಮಾಡುವವರ ನಡುವೆ ಎಲ್ಲೆಡೆ ಇರುವ ರೂಢಿ. ಕೊನೆಯ ಪುಟವನ್ನು ಖಾಲಿ ಬಿಟ್ಟು, ಓದಿದವರು ಏನಾದರೂ ಬರೆದು ಮುಂದೆ ಕೊಡಿ ಎಂದು ಹಾಕುತ್ತೇವೆ. ಕ್ಷೌರದ ಅಂಗಡಿಯ ಪ್ರತಿ ಆರು ತಿಂಗಳ ನಂತರ ಹನ್ನೊಂದು ಕೈಬರಹಗಳೊಂದಿಗೆ ಹಿಂದೆ ಬಂತು, ಅದರಲ್ಲಿ ಎರಡು ನನ್ನ ಕೇಂದ್ರದ ಸಮಯದ ಬಗೆಗಿನ ದೂರುಗಳು. ಒಮ್ಮೆ ಎರಡು ಮನೆಗಳ ಬಾವಿಯ ಜಗಳವನ್ನು ಹುಡುಗನೊಬ್ಬ ಹೆಸರು ಹಾಕಿ ತಮಾಷೆಯಾಗಿ ಬರೆದಿದ್ದ. ಅದನ್ನು ನಾನು ತೆಗೆದೆ. ತಿದ್ದುವುದಿಲ್ಲವೆಂಬ ಮಾತಿಗೆ ಅಲ್ಲಿ ಕಟ್ಟುಬೀಳಲಿಲ್ಲ, ಬೀಳಬೇಕೆಂದು ಈಗಲೂ ಅನಿಸುವುದಿಲ್ಲ. ಹುಡುಗ ಎರಡು ವಾರ ಕೇಂದ್ರಕ್ಕೆ ಬರಲಿಲ್ಲ, ಆಮೇಲೆ ಬಂದ.

ಮಲ್ಲಿಗೆಯವರು ಮಾತ್ರ ಬಹಳ ದಿನ ಬರೆಯಲಿಲ್ಲ. ನಾನು ಕ್ಷಮೆ ಕೇಳಿದ್ದೆ. ಅವರು ಅದಕ್ಕೆಲ್ಲ ಎಂತ ಟೀಚರೇ ಎಂದು ನಕ್ಕು ಹೋಗಿದ್ದರು. ಒಂಬತ್ತನೆಯ ಸಂಚಿಕೆ ಜೋಡಿಸುತ್ತಿದ್ದ ದಿನ ಬಂದು, ಹೂವಿನ ಲೆಕ್ಕದ ಚೀಟಿಯೊಂದನ್ನು ಮೇಜಿನ ಮೇಲೆ ಇಟ್ಟರು. ಚೀಟಿಯ ಮೇಲ್ಭಾಗದಲ್ಲಿ ಆ ವಾರದ ಅಟ್ಟೆ, ಚೆಂಡು, ದರ. ಕೆಳಗೆ ಉಳಿದ ಜಾಗದಲ್ಲಿ, ಮಳೆಗೆ ಗಿಡ ಕೊಳೆತು ಕೊಯ್ಯಲು ಹೂವೇ ಇಲ್ಲದ ಬೆಳಗಿನಲ್ಲಿ ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ನಿಂತದ್ದನ್ನು ಏಳು ಸಾಲುಗಳಲ್ಲಿ ಬರೆದಿದ್ದರು. ಪೂರ್ಣವಿರಾಮ ಒಂದೂ ಇರಲಿಲ್ಲ. ಚೀಟಿಯನ್ನು ಹಾಗೆಯೇ ಪುಟಕ್ಕೆ ಅಂಟಿಸಿ, ಅಂಚಿಗೆ ವೈಟ್ನರ್ ಹಚ್ಚಿ, ಅಂಗಡಿಗೆ ಕೊಂಡುಹೋದೆ. ಜೆರಾಕ್ಸ್ ಅಣ್ಣ ಅದನ್ನು ಗಾಜಿನ ಮೇಲೆ ಇಡುವ ಮೊದಲು ಓದಿ, ಮೇಲಿನ ಲೆಕ್ಕವನ್ನು ಮುಚ್ಚಬೇಕಾ ಎಂದು ಕೇಳಿದರು. ನಾನು ಪಕ್ಕದಲ್ಲಿದ್ದವರ ಮುಖ ನೋಡಿದೆ. ಬೇಡ, ಲೆಕ್ಕವೂ ಇರಲಿ, ಎಂದರು ಮಲ್ಲಿಗೆಯವರು.