ಶೌಚಾಲಯ ಸ್ವಚ್ಛವಾಗಿದೆ ಎಂಬ ಉತ್ತರ

ಹಾವೇರಿಯಲ್ಲಿ ಪಾಲಕರಿಗೆ ಅರ್ಜಿ ಬರೆದುಕೊಡುವುದು, ಅವರ ಜೊತೆ ಶಾಲೆಗೂ ಶಿಕ್ಷಣ ಇಲಾಖೆಯ ಕಚೇರಿಗೂ ಅಲೆಯುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. "ಹೇಳಿದ್ದೇವೆ, ನೋಡೋಣ ಎಂದಿದ್ದಾರೆ" ಎನ್ನುತ್ತಾರೆ. ಯಾರಿಗೆ, ಯಾವತ್ತು ಹೇಳಿದಿರಿ ಎಂದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನದು. ನನಗೆ ಬುದ್ಧಿ ಕಲಿಸಿದ್ದು ಮಾತ್ರ ನಾನೇ ಬರೆದ ಎರಡು ಪುಟದ ಅರ್ಜಿ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಿಯೊಬ್ಬರು ಬಂದಿದ್ದರು. ಮಗಳು ಖಾಸಗಿ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದಳು, ಮುಂದೆ ಊರಿನ ಸರ್ಕಾರಿ ಶಾಲೆಗೆ ಸೇರಿಸಬೇಕಿತ್ತು. ಶುಲ್ಕ ಬಾಕಿಯಿದೆ ಎಂದು ಹಳೆಯ ಶಾಲೆ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಕೊಡುತ್ತಿರಲಿಲ್ಲ. ಆರು ಸಲ ಹೋಗಿದ್ದರು. ಆರು ದಿನದ ಕೂಲಿ ಹೋಗಿತ್ತು. ಮಾತಿನ ನಡುವೆ ಬೇರೆಯದೂ ಹೊರಬಂತು: ಶುಲ್ಕಕ್ಕಾಗಿ ಮಗಳನ್ನು ಎಲ್ಲರೆದುರು ನಿಲ್ಲಿಸಿ ಬೈದದ್ದು, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲದ್ದು, ವ್ಯಾನು ದಿನವೂ ತಡವಾಗುತ್ತಿದ್ದದ್ದು. ಎಲ್ಲವೂ ನಿಜವೇ. ನನಗೆ ರೋಷ ಉಕ್ಕಿತು, ಒಂದನ್ನೂ ಬಿಡದೆ ಬರೆದೆ. "ಕಠಿಣ ಕ್ರಮ" ಎಂಬುದು ಮೂರು ಕಡೆ ಬಂದಿತ್ತು.

ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಯಿತು, ಅಲ್ಲಿಂದ ವಿವರಣೆ ಕೇಳಿ ಶಾಲೆಗೆ. ತಿಂಗಳ ಮೇಲೆ ಉತ್ತರ ಬಂತು: ಶೌಚಾಲಯ ಸ್ವಚ್ಛವಾಗಿದೆ, ವಾಹನದ ವೇಳೆ ಸರಿಪಡಿಸಲಾಗಿದೆ. ಟಿ.ಸಿ. ಬಗ್ಗೆ ಒಂದಕ್ಷರವಿಲ್ಲ. ಚಿಲಕದ ಸುದ್ದಿಯೂ ಇಲ್ಲ, ಅದಿರಲಿ. ಸುಲಭದ ಎರಡನ್ನು ಆರಿಸಿಕೊಂಡು ಉತ್ತರಿಸುವ ಅನುಕೂಲವನ್ನು ನಾನೇ ಮಾಡಿಕೊಟ್ಟಿದ್ದೆ.

ಉತ್ತರ ಓದಿ ಹೇಳಿದಾಗ ಆ ತಾಯಿ ಕೇಳಿದರು: "ಹಾಗಾದರೆ ಈಗ ನನ್ನ ಮಗಳು ಯಾವ ಶಾಲೆಯವಳು?"

ಮರುದಿನವೇ ಸರ್ಕಾರಿ ಶಾಲೆಗೆ ಹೋದೆವು. ಟಿ.ಸಿ. ತಡವಾಯಿತೆಂದು ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಮುಖ್ಯ ಶಿಕ್ಷಕಿಗೆ ಇದು ಗೊತ್ತಿತ್ತು. ಇಲಾಖೆ ಮಕ್ಕಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಹೆಸರು ಇನ್ನೂ ಹಳೆಯ ಶಾಲೆಯಲ್ಲೇ ಇದೆಯಲ್ಲ ಎಂಬ ಅಳುಕು ಮಾತ್ರ. ಒಂದು ಮುಚ್ಚಳಿಕೆ ಬರೆಸಿಕೊಂಡರು. ಹುಡುಗಿ ಅಂದೇ ತರಗತಿಯಲ್ಲಿ ಕುಳಿತಳು. ಒಂದು ತಿಂಗಳು ಸುಮ್ಮನೆ ಹಾಳಾಗಿತ್ತು.

ಹಳೆಯ ಶಾಲೆಗೆ ಈ ಸಲ ಬರೆದದ್ದು ನಾಲ್ಕೇ ಸಾಲು. ಮಗುವಿನ ಹೆಸರು, ತರಗತಿ, ಟಿ.ಸಿ. ಕೇಳಿದ ಮೊದಲ ದಿನಾಂಕ; ಕೂಡಲೇ ಕೊಡಬೇಕೆನ್ನುವ ಅದೇ ಸೆಕ್ಷನ್; ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ ಎಂಬ ವಿನಂತಿ. ಬಾಕಿಯ ಬಗ್ಗೆ ಬೇರೆಯಾಗಿ ಕುಳಿತು ಮಾತನಾಡಲು ಸಿದ್ಧ ಎಂದು ಆ ತಾಯಿಯೇ ಕೊನೆಯಲ್ಲಿ ಬರೆಸಿದರು. ಅಷ್ಟು ಸಮಾಧಾನ ನನಗೆ ಇರಲಿಲ್ಲ.

ಗುಮಾಸ್ತರು ಪತ್ರ ತೆಗೆದುಕೊಂಡರು, ನಮ್ಮ ಪ್ರತಿಗೆ ಮೊಹರು ಹಾಕಲು ಒಪ್ಪಲಿಲ್ಲ. ಮುಖ್ಯಸ್ಥರು ಬರಬೇಕಂತೆ. ಬರಲಿ ಎಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತೆವು. ಊಟದ ಗಂಟೆ ಹೊಡೆದ ಮೇಲೆ, ಯಾರೂ ಬರದೆಯೇ, ಅವರೇ ಎದ್ದು ಮೊಹರು ಒತ್ತಿದರು, ತಲೆಕೆಳಗಾಗಿ. ಸಹಿ, ದಿನಾಂಕ ಇದ್ದವು, ಸಾಕು. ಒಂಬತ್ತನೆಯ ದಿನ ಟಿ.ಸಿ. ಸಿಕ್ಕಿತು. ಬಾಕಿಯನ್ನು ಮೂರು ಕಂತಿನಲ್ಲಿ ತೀರಿಸುವುದೆಂದಾಯಿತು.

ಚಿಲಕದ ಅರ್ಜಿಯನ್ನು ಇನ್ನೂ ಬರೆದಿಲ್ಲ. ಆ ಶಾಲೆಯಲ್ಲಿ ಓದುತ್ತಿರುವ ಹುಡುಗಿಯರ ಪಾಲಕರು ಯಾರಾದರೂ ಬಂದರೆ ಬರೆಯುತ್ತೇನೆ, ಅದೊಂದನ್ನೇ.